ಬದುವಿನ ಹುಲ್ಲು, ಹಿತ್ತಿಲಿನ ಸೊಪ್ಪು: ಸಾಕುಮೊಲಕ್ಕೆ ಯಾವುದು, ಎಷ್ಟು, ಹೇಗೆ

ಮೃಗಶಿರಾ ಮಳೆ ಹಿಡಿದು ಒಂದೆರಡು ವಾರವಾದರೆ ಸಾಕು, ಹೊಲದ ಬದು, ಹಿತ್ತಿಲು, ಖಾಲಿ ನಿವೇಶನ ಎಲ್ಲವೂ ಹಸಿರಾಗುತ್ತವೆ. ಬೇಸಿಗೆಯುದ್ದಕ್ಕೂ ಒಣಹುಲ್ಲು ಮತ್ತು ಅಂಗಡಿಯ ಗುಳಿಗೆ ಆಹಾರ ಹಾಕಿ ಸಾಕಾದ ಮೊಲ ಸಾಕಣೆದಾರರು ಕುಡುಗೋಲು ಹಿಡಿದು ಹೊರಡುತ್ತಾರೆ, ಒಂದು ಹೊರೆ ಎಳೆಹುಲ್ಲು ಕೊಯ್ದು ತಂದು ಗೂಡಿಗೆ ತುಂಬುತ್ತಾರೆ. ಮೊಲಗಳು ಮುಗಿಬಿದ್ದು ತಿನ್ನುತ್ತವೆ. ಮಾರನೆಯ ದಿನ, ತಪ್ಪಿದರೆ ಅದರ ಮಾರನೆಯ ದಿನ, ಒಂದು ಮರಿ ಮೂಲೆ ಹಿಡಿದು ಕೂರುತ್ತದೆ. ಹೊಟ್ಟೆ ಉಬ್ಬುತ್ತದೆ, ಹಿಂಭಾಗ ಒದ್ದೆಯಾಗುತ್ತದೆ. ಹುಲ್ಲಿನ ಜೊತೆ ಯಾವುದೋ ವಿಷದ ಗಿಡ ಸೇರಿಕೊಂಡಿತ್ತು ಎಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಆ ಹೊರೆಯನ್ನು ಬಿಡಿಸಿ ಒಂದೊಂದೇ ಎಳೆ ನೋಡಿದರೆ ಹೆಚ್ಚಿನ ಸಲ ವಿಷದ ಗಿಡ ಅದರಲ್ಲಿ ಇರುವುದೇ ಇಲ್ಲ.

ಕಳೆಹುಲ್ಲು ಮತ್ತು ಸೊಪ್ಪು ಮೊಲದ ಹುಟ್ಟು ಆಹಾರ. ಎಚ್ಚರವಾಗಿ ಆಯ್ದು ತಂದರೆ ಅದಕ್ಕಿಂತ ಮೇಲಾದ ಮೇವನ್ನು ಯಾವ ಅಂಗಡಿಯೂ ಕೊಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಈ ಮೇವಿನ ಬಗ್ಗೆ ಕೇಳುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವ ಗಿಡ ಕೊಡಬಹುದು, ಯಾವುದು ಬೇಡ? ಆ ಗಿಡ ಎಲ್ಲಿ ಬೆಳೆದಿತ್ತು, ಎಷ್ಟು ನೀರು ತುಂಬಿಕೊಂಡಿತ್ತು, ಮೊಲದ ಹೊಟ್ಟೆಗೆ ಎಷ್ಟು ಅವಸರದಲ್ಲಿ ಹೋಯಿತು ಎಂಬ ಪ್ರಶ್ನೆಗಳು ಅದರಷ್ಟೇ ಮುಖ್ಯ. ಮೊಲಗಳು ನರಳುವುದು ಬಹುಪಾಲು ಇವುಗಳನ್ನು ಕೇಳದೆ ಬಿಟ್ಟಾಗ. ಇದು ಅರ್ಥವಾಗಬೇಕಾದರೆ ಮೊದಲು ಮೊಲದ ಹೊಟ್ಟೆಯೊಳಗೆ ನಡೆಯುವುದನ್ನು ತಿಳಿಯಬೇಕು.

ನಾರು ಯಾಕೆ ಬೇಕು

ಹಸುವಿಗೆ ಮೇವು ಹುದುಗುವ ಜಾಗ ಹೊಟ್ಟೆಯ ಮುಂಭಾಗದಲ್ಲಿದೆ. ಮೊಲಕ್ಕೆ ಅದು ಹಿಂಭಾಗದಲ್ಲಿದೆ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿ ಅಂಧಾಂತ್ರ ಎಂಬ ದೊಡ್ಡ ಚೀಲವಿದೆ. ಮೊಲದ ಒಡಲಿನಲ್ಲಿ ಅತಿ ಹೆಚ್ಚು ಜಾಗ ಹಿಡಿಯುವ ಅಂಗ ಇದೇ. ದೋಸೆ ಹಿಟ್ಟಿನ ಪಾತ್ರೆಯ ಹಾಗೆ ಇಲ್ಲಿ ದಿನವಿಡೀ ಹುದುಗುವಿಕೆ ನಡೆದೇ ಇರುತ್ತದೆ, ಕೋಟ್ಯಂತರ ಸೂಕ್ಷ್ಮಜೀವಿಗಳು ಸೊಪ್ಪಿನ ಸಣ್ಣ ಕಣಗಳನ್ನು ಒಡೆದು ಮೊಲಕ್ಕೆ ಶಕ್ತಿ ಒದಗಿಸುತ್ತವೆ.

ಮೊಲದ ಕರುಳು ಮಾಡುವ ಒಂದು ಕೆಲಸ ಮಾತ್ರ ಬೆರಗು ಹುಟ್ಟಿಸುವಂಥದು. ಅದು ಬಂದ ಮೇವನ್ನು ಎರಡು ಪಾಲು ಮಾಡುತ್ತದೆ. ಒರಟಾದ, ಜೀರ್ಣವಾಗದ ನಾರನ್ನು ಬೇಗಬೇಗ ಮುಂದಕ್ಕೆ ತಳ್ಳಿ ಗುಂಡನೆಯ ಗಟ್ಟಿ ಹಿಕ್ಕೆಯಾಗಿ ಹೊರಹಾಕುತ್ತದೆ. ಸಣ್ಣ ಕಣಗಳನ್ನೂ ದ್ರವವನ್ನೂ ಹಿಂದಕ್ಕೆ ತಳ್ಳಿ ಅಂಧಾಂತ್ರಕ್ಕೆ ಸೇರಿಸುತ್ತದೆ. ಅಲ್ಲಿ ಹುದುಗಿದ ಪದಾರ್ಥ ಕೆಲವು ತಾಸುಗಳ ಮೇಲೆ ಮೆತ್ತಗಿನ, ಹೊಳೆಯುವ, ಒಂದಕ್ಕೊಂದು ಅಂಟಿಕೊಂಡ ಸಣ್ಣ ಉಂಡೆಗಳ ಗೊಂಚಲಾಗಿ ಹೊರಬರುತ್ತದೆ. ಮೊಲ ಬಗ್ಗಿ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಮೊದಲ ಸಲ ನೋಡಿದವರಿಗೆ ಅಸಹ್ಯವೆನಿಸಬಹುದು. ಆದರೆ ಬಿ ಗುಂಪಿನ ಜೀವಸತ್ವಗಳೂ ಸೂಕ್ಷ್ಮಜೀವಿಗಳಿಂದ ಬಂದ ಪ್ರೋಟೀನೂ ಮೊಲಕ್ಕೆ ದಕ್ಕುವುದು ಇದರಿಂದಲೇ. ಇದನ್ನು ತಿನ್ನದಂತೆ ತಡೆಯಬಾರದು.

ಒರಟು ನಾರು ಮೊಲಕ್ಕೆ ಶಕ್ತಿ ಕೊಡುವುದಿಲ್ಲ. ಆದರೆ ಕರುಳು ಚಲಿಸುತ್ತಿರುವುದು ಅದರಿಂದಲೇ. ನಾರು ಕಡಿಮೆಯಾಗಿ ಸಕ್ಕರೆ, ಪಿಷ್ಟ, ನೀರು ಹೆಚ್ಚಾದ ಮೇವು ಒಮ್ಮೆಗೇ ನುಗ್ಗಿದರೆ ಕರುಳಿನ ಓಟ ನಿಧಾನವಾಗುತ್ತದೆ, ಅಂಧಾಂತ್ರದಲ್ಲಿರುವ ಸೂಕ್ಷ್ಮಜೀವಿಗಳ ಸಮತೋಲ ತಪ್ಪುತ್ತದೆ, ಮಾಮೂಲಿಗೆ ಅಡಗಿರುವ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡುತ್ತವೆ. ಅನಿಲ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಮೊದಲ ಮಳೆಯ ಎಳೆಹುಲ್ಲು ಕಾಡುವುದು ಈ ಕಾರಣಕ್ಕೆ. ಅದರಲ್ಲಿ ಬಲಿತ ನಾರಿಲ್ಲ. ಅದೇ ಹುಲ್ಲು ಹೂತೆನೆ ಬಿಡುವ ಹೊತ್ತಿಗೆ ಅತ್ಯುತ್ತಮ ಮೇವಾಗಿರುತ್ತದೆ.

ಹಲ್ಲಿಗೂ ಹುಲ್ಲೇ ಬೇಕು. ಮೊಲದ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತವೆ, ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಗರಿಕೆಯ ಉದ್ದನೆಯ ಎಳೆಯೊಂದನ್ನು ಮೊಲದ ಮುಂದೆ ಹಿಡಿದು ನೋಡಿ. ಬಾಚಿಹಲ್ಲಿನಿಂದ ತುದಿ ಕತ್ತರಿಸಿಕೊಂಡು, ಎಳೆಯನ್ನು ಒಳಕ್ಕೆಳೆದುಕೊಳ್ಳುತ್ತ, ದವಡೆಯನ್ನು ಮೇಲೆ ಕೆಳಗೆ ಆಡಿಸುವುದಕ್ಕಿಂತ ಹೆಚ್ಚಾಗಿ ಎಡಕ್ಕೂ ಬಲಕ್ಕೂ ಸವೆಸುತ್ತ ಅರೆಯುತ್ತದೆ. ಹುಲ್ಲಿನಲ್ಲಿರುವ ಮರಳಿನಂಶದ ಕಣಗಳು ದವಡೆಹಲ್ಲನ್ನು ತೇಯುತ್ತವೆ. ಕ್ಯಾರೆಟ್ ಅಥವಾ ಗುಳಿಗೆ ಆಹಾರವನ್ನು ಮೊಲ ಹೀಗೆ ಅರೆಯುವುದಿಲ್ಲ, ಕುಟ್ಟಿ ಪುಡಿಮಾಡಿ ನುಂಗುತ್ತದೆ. ವರ್ಷಗಟ್ಟಲೆ ಅದನ್ನೇ ತಿಂದ ಮೊಲದ ದವಡೆಹಲ್ಲು ಚೂಪಾಗಿ ಬೆಳೆದು ನಾಲಿಗೆ, ಕೆನ್ನೆ ಕೊಯ್ಯುತ್ತದೆ. ಹಸಿದಿದ್ದರೂ ಮೊಲ ತಿನ್ನದೆ ಜೊಲ್ಲು ಸುರಿಸುತ್ತ ಕೂರುವುದಕ್ಕೆ ಇದು ಒಂದು ದೊಡ್ಡ ಕಾರಣ.

ಇನ್ನೊಬ್ಬರು ತಿಂದರು ಎಂಬುದು ಸಾಕ್ಷಿಯಲ್ಲ

ಗಿಡಗಳ ವಿಚಾರಕ್ಕೆ ಬರುವ ಮೊದಲು ನಮ್ಮಲ್ಲಿ ಬೇರೂರಿರುವ ಮೂರು ನಂಬಿಕೆಗಳನ್ನು ತೆಗೆದುಹಾಕಬೇಕು.

ಒಂದು, ಮೇಕೆ ತಿನ್ನುವುದನ್ನೆಲ್ಲ ಮೊಲ ತಿನ್ನಬಹುದು ಎಂಬುದು. ಸುಬಾಬುಲ್ ಸೊಪ್ಪನ್ನು ನೋಡಿ. ಪ್ರೋಟೀನ್ ತುಂಬಿದ ಈ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ. ಮೇಕೆ, ದನಗಳ ಮೊದಲ ಹೊಟ್ಟೆಯಲ್ಲಿ ಅದನ್ನು ಒಡೆಯಬಲ್ಲ ಬ್ಯಾಕ್ಟೀರಿಯಾ ಇರಬಹುದು, ಮೇವು ಮುಂದೆ ಹೋಗುವ ಮೊದಲೇ ವಿಷ ತಗ್ಗುತ್ತದೆ. ಮೊಲದಲ್ಲಿ ಹುದುಗುವ ಜಾಗ ಹಿಂದಿರುವುದರಿಂದ ಮಿಮೋಸಿನ್ ಅದಕ್ಕೆ ಮೊದಲೇ ರಕ್ತಕ್ಕೆ ಸೇರುತ್ತದೆ. ಹೆಚ್ಚು ತಿಂದ ಮೊಲದ ಕೂದಲು ಉದುರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಮುಟ್ಟಿದರೆ ಮುನಿಯಲ್ಲೂ ಇದೇ ಪದಾರ್ಥವಿದೆ.

ಎರಡು, ಮನುಷ್ಯರು ತಿನ್ನುವ ಸೊಪ್ಪು ಮೊಲಕ್ಕೂ ಆದೀತು ಎಂಬುದು. ನಾವು ಬೇಯಿಸಿ ತಿನ್ನುತ್ತೇವೆ, ಮೊಲ ಹಸಿಯಾಗಿ ತಿನ್ನುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಪತ್ರೊಡೆ ಮಾಡುವವರು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದರ ತುರಿಕೆ ಹೋಗಲೆಂದೇ. ಗಣಿಕೆ ಸೊಪ್ಪೂ ಅಷ್ಟೇ. ಬೇಯಿಸಿದ ಪಲ್ಯ, ಸಾರು ನಮಗೆ ಒಗ್ಗುತ್ತದೆ, ಹಸಿರು ಕಾಯಿಯ ಸಮೇತ ಹಸಿಯಾಗಿ ಮೊಲಕ್ಕೆ ಕೊಡಬಾರದು. ಅದೇ ಬಳಗದ ಟೊಮೆಟೊ, ಆಲೂಗಡ್ಡೆ, ಬದನೆ ಗಿಡಗಳ ಎಲೆಯೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಸೊಪ್ಪನ್ನೂ ದೂರವಿಡಿ.

ಮೂರು, ಕಾಡಿನಲ್ಲಿ ಮೊಲ ಇದನ್ನು ತಿಂದದ್ದನ್ನು ಕಂಡಿದ್ದೇವೆ ಎಂಬುದು. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲವೇ ಬೇರೆ, ಗೂಡಿನಲ್ಲಿ ಸಾಕುವ ಮೊಲವೇ ಬೇರೆ. ಸಾಕುಮೊಲದ ಮೂಲ ಯುರೋಪಿನ ಸ್ಪೇನ್, ಪೋರ್ಚುಗಲ್ ಕಡೆಯದು. ಬಿಲ ತೋಡುತ್ತದೆ, ಕಣ್ಣು ತೆರೆಯದ ಬೋಳು ಮರಿ ಹಾಕುತ್ತದೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ, ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಮೇಲೆ ಕೂದಲಿರುತ್ತದೆ. ಎರಡೂ ಕೂಡಿ ಮರಿ ಮಾಡುವಷ್ಟು ಹತ್ತಿರದವಲ್ಲ. (ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ವನ್ಯಜೀವಿ ಕಾಯ್ದೆಯಡಿ ಅಪರಾಧ ಎಂಬುದನ್ನು ಇಲ್ಲೇ ನೆನಪಿಸುತ್ತೇನೆ.) ಸಾಲದ್ದಕ್ಕೆ ಸಾಕುಮೊಲಗಳಲ್ಲೇ ಒಂದಕ್ಕೊಂದು ವ್ಯತ್ಯಾಸವಿದೆ. ದತ್ತೂರದ ಬಳಗದ ಗಿಡಗಳಲ್ಲಿರುವ ಅಟ್ರೋಪಿನ್ ವಿಷವನ್ನು ಒಡೆಯುವ ಕಿಣ್ವ ಕೆಲವು ಮೊಲಗಳ ರಕ್ತದಲ್ಲಿ ಹುಟ್ಟಿನಿಂದಲೇ ಇರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ. ಪಕ್ಕದ ಮನೆಯ ಮೊಲ ಉಮ್ಮತ್ತಿ ತಿಂದು ಬದುಕಿದ್ದರೆ ನಿಮ್ಮದೂ ಬದುಕುತ್ತದೆ ಎನ್ನಲಾಗದು.

ಬೇಡದ್ದು ಇದ್ದರೆ ಮೊಲವೇ ಬಿಡುತ್ತದೆ ಎಂದೂ ಹೇಳುವವರಿದ್ದಾರೆ. ಬಯಲಿನಲ್ಲಿ ಹತ್ತಾರು ಗಿಡಗಳಲ್ಲಿ ಒಂದೊಂದು ಕಚ್ಚು ಕಚ್ಚಿ ಮುಂದೆ ಸಾಗುವ ಪ್ರಾಣಿಗೆ ಆ ಮಾತು ಒಂದಿಷ್ಟು ಒಪ್ಪುತ್ತದೆ. ಗೂಡಿನಲ್ಲಿ ಹಸಿದು ಕೂತು, ಮುಂದಿಟ್ಟಿದ್ದನ್ನೇ ತಿನ್ನಬೇಕಾದ ಪ್ರಾಣಿಗೆ ಒಪ್ಪುವುದಿಲ್ಲ. ಆಯ್ಕೆ ಅದರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಬುಟ್ಟಿಗೆ ಏನು ಹಾಕಬೇಕು

ನಾನು ಅನುಸರಿಸುವ ಲೆಕ್ಕ ಸರಳ. ಬುಟ್ಟಿಯಲ್ಲಿ ಮುಕ್ಕಾಲು ಪಾಲು ಹುಲ್ಲು, ಕಾಲು ಪಾಲು ಬೇರೆ ಬೇರೆ ಸೊಪ್ಪು. ಹುಲ್ಲಿನಲ್ಲಿ ಗರಿಕೆಗೆ ಮೊದಲ ಸ್ಥಾನ. ಎಲ್ಲೆಂದರಲ್ಲಿ ಸಿಗುತ್ತದೆ, ಗುರುತಿಸಲು ಕಷ್ಟವಿಲ್ಲ, ನಾರು ಚೆನ್ನಾಗಿದೆ, ಮೊಲಗಳಿಗೆ ಇಷ್ಟ. ಹಸು ಸಾಕುವವರು ಬೆಳೆಸುವ ಗಿನಿ ಹುಲ್ಲು ಕೂಡ ಒಳ್ಳೆಯದು. ನೇಪಿಯರ್ ಆದರೆ ಎಲೆ ಮಾತ್ರ ಕೊಡಿ, ದಪ್ಪ ಕಾಂಡವನ್ನು ಮೊಲ ಹೇಗೂ ಬಿಡುತ್ತದೆ. ಬಿದಿರಿನ ಬಲಿತ ಎಲೆಯನ್ನೂ ತಿನ್ನುತ್ತವೆ, ಕಳಲೆಯನ್ನು ಮಾತ್ರ ಹಾಕಬಾರದು.

ಹುಲ್ಲಿನಲ್ಲಿ ಒಂದು ಅಪವಾದವನ್ನು ಬಯಲುಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಎಳೆ ಜೋಳದ ಪೈರು, ಕೊಯ್ದ ಮೇಲೆ ಚಿಗುರುವ ಕೂಳೆ ಜೋಳ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ದನಗಳೇ ನಿಂತಲ್ಲೇ ಬೀಳುತ್ತವೆ, ಇನ್ನು 2 ಕಿಲೋ ತೂಕದ ಮೊಲದ ಮಾತೇನು.

ಸೊಪ್ಪುಗಳಲ್ಲಿ ಕನ್ನೆ ಸೊಪ್ಪು ಮಳೆಗಾಲದ ತೋಟಗಳಲ್ಲಿ ಯಥೇಚ್ಛ, ಮೆತ್ತಗಿನ ಕಾಂಡ, ನೀಲಿ ಹೂ. ಮೊಲಕ್ಕೆ ಬಹಳ ಇಷ್ಟ, ಆದರೆ ನೀರು ಹೆಚ್ಚು. ಕೀರೆ, ದಂಟು, ಅಣ್ಣೆ ಸೊಪ್ಪು, ಹೊನಗೊನ್ನೆ, ಗೋಣಿ ಸೊಪ್ಪು ಇವನ್ನೆಲ್ಲ ಕೊಡಬಹುದು, ಆದರೆ ಇವುಗಳಲ್ಲಿ ಆಕ್ಸಲೇಟ್ ಅಂಶ ಹೆಚ್ಚಿರುವುದರಿಂದ ದಿನವೂ ಒಂದನ್ನೇ ಹೊಟ್ಟೆ ತುಂಬ ಹಾಕಬಾರದು. ಮುಳ್ಳುದಂಟು ಎಳೆಯದಿರುವಾಗ ಕೊಡಿ, ಬಲಿತ ಮೇಲೆ ಗಿಣ್ಣುಗಳಲ್ಲಿರುವ ಮುಳ್ಳು ಬಾಯಿಗೆ ಚುಚ್ಚುತ್ತದೆ. ಒಂದೆಲಗವನ್ನು ಸ್ವಲ್ಪ ಸೇರಿಸಬಹುದು. ಗಾಯಕ್ಕೆ ಹಿಂಡಿ ಹಚ್ಚುವ, ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ ಸಣ್ಣ ಹೂ ಬಿಡುವ ಜಯಂತಿ ಗಿಡ ರಸ್ತೆ ಪಕ್ಕದಲ್ಲೆಲ್ಲ ಸಿಗುತ್ತದೆ. ನೈಜೀರಿಯಾದಲ್ಲಿ ಮೊಲ ಸಾಕುವವರು ಹೆಚ್ಚಾಗಿ ನೆಚ್ಚಿಕೊಂಡಿರುವ ಕಳೆಗಳಲ್ಲಿ ಅದೂ ಒಂದು.

ಇಂಗ್ಲಿಷಿನ ಪುಸ್ತಕಗಳಲ್ಲಿರುವ ಪಟ್ಟಿ ಡ್ಯಾಂಡೆಲಿಯನ್‌ನಿಂದ ಶುರುವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಷ್ಟೋ ಮನೆಯವರು ಹಿತ್ತಿಲಿನಲ್ಲಿ ಮೊಲ ಸಾಕಿ, ಮಕ್ಕಳನ್ನು ಕಳೆ ಕೀಳಲು ಕಳಿಸುತ್ತಿದ್ದರು. ಅವರ ಅನುಭವವೇ ಆ ಪಟ್ಟಿಗಳಲ್ಲಿ ಕೂತಿದೆ. ನಮ್ಮ ಬಯಲಿನಲ್ಲಿ ಡ್ಯಾಂಡೆಲಿಯನ್ ಹುಡುಕಿ ಪ್ರಯೋಜನವಿಲ್ಲ. ಉತ್ತರ ಕರ್ನಾಟಕದವರಿಗೆ ಮಾತ್ರ ಅದರ ನೆಂಟ ಚೆನ್ನಾಗಿ ಗೊತ್ತು. ಜೋಳದ ರೊಟ್ಟಿಯ ಜೊತೆ ಹಸಿಯಾಗಿ ಕಚ್ಚಿಕೊಂಡು ತಿನ್ನುವ ಹಕ್ಕರಕಿ ಅದೇ ಬಳಗದ್ದು, ಹಾಗೆಯೇ ಕಹಿ, ಹಾಗೆಯೇ ಮುರಿದರೆ ಹಾಲು. ಹೊಲದಲ್ಲಿ ಹಕ್ಕರಕಿ ಸಿಗುವ ಊರಿನವರು ಮೊಲಕ್ಕಾಗಿ ಬೇರೆ ಸೊಪ್ಪು ಅರಸಬೇಕಾಗಿಲ್ಲ.

ಅಲಸಂದೆ, ಹುರುಳಿ, ಶೇಂಗಾ ಬಳ್ಳಿ, ಕುದುರೆ ಮೆಂತ್ಯ, ನುಗ್ಗೆ, ಅಗಸೆ ಮರದ ಸೊಪ್ಪು ಇವೆಲ್ಲ ಪ್ರೋಟೀನೂ ಸುಣ್ಣದಂಶವೂ ಹೆಚ್ಚಿರುವ ಮೇವು. ಹಾಲೂಡುವ ತಾಯಿಗೂ ಬೆಳೆಯುವ ಮರಿಗೂ ಇದು ಬೇಕು. ಬೆಳೆದು ನಿಂತ, ಮರಿ ಹಾಕದ ಮೊಲಕ್ಕೆ ದಿನವೂ ಬೇಡ. ಇದಕ್ಕೆ ಕಾರಣ ಮೊಲದ ದೇಹದ ಒಂದು ವಿಚಿತ್ರ ಗುಣ. ಬೇರೆ ಪ್ರಾಣಿಗಳು ತಮಗೆ ಬೇಕಾದಷ್ಟು ಸುಣ್ಣವನ್ನು ಮಾತ್ರ ಕರುಳಿನಿಂದ ಹೀರಿಕೊಳ್ಳುತ್ತವೆ. ಮೊಲ ಮೇವಿನಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಹೀರಿಕೊಂಡು, ಬೇಡದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರ ಒಣಗಿದ ಜಾಗದಲ್ಲಿ ಸ್ವಲ್ಪ ಬಿಳಿ ಪುಡಿ ಕಾಣುವುದು ಮಾಮೂಲು. ಅದು ದಪ್ಪಗಾಗಿ, ಮೊಲ ಮೂತ್ರಕ್ಕೆ ತಿಣುಕತೊಡಗಿದರೆ ಮೂತ್ರಕೋಶದಲ್ಲಿ ಸುಣ್ಣದ ಕೆಸರು ಕಟ್ಟುತ್ತಿದೆ ಎಂದರ್ಥ. ಆಗ ಈ ಸೊಪ್ಪುಗಳನ್ನು ಕಡಿಮೆ ಮಾಡಿ ಹುಲ್ಲು ಮತ್ತು ನೀರು ಹೆಚ್ಚಿಸಬೇಕು, ವೈದ್ಯರಿಗೂ ತೋರಿಸಬೇಕು.

ಬುಟ್ಟಿಗೆ ಬೀಳಬಾರದ ಗಿಡಗಳು ಊರೂರಲ್ಲೂ ಇವೆ: ಎಕ್ಕ, ದತ್ತೂರ, ಹರಳು, ಕಣಗಿಲೆ, ಗುಲಗಂಜಿ ಬಳ್ಳಿ, ಕಳ್ಳಿ ಜಾತಿಯ ಎಲ್ಲವೂ, ಬೇಲಿಗೆ ನೆಡುವ ಬೇಶರಂ ಗಿಡ, ಗಿಲಕಿಯಂತೆ ಸದ್ದು ಮಾಡುವ ಕಾಯಿ ಬಿಡುವ ಗಿಜಿಗಿಜಿ ಗಿಡ, ಮಲೆನಾಡು ಕರಾವಳಿಯವರು ಕಮ್ಯುನಿಸ್ಟ್ ಗಿಡ ಎನ್ನುವ ಕಳೆ. ಲಂಟಾನ ಯಕೃತ್ತನ್ನು ಕೆಡಿಸುತ್ತದೆ, ಅದರ ಸೊಪ್ಪು ಒಂದೆಳೆಯೂ ಬೇಡ. ಇವು ಬಲಿತ ಗಿಡಗಳಾದರೆ ಗುರುತು ಸುಲಭ. ಸಮಸ್ಯೆ ಬರುವುದು ಸಸಿಯ ಹಂತದಲ್ಲಿ, ಅದರಲ್ಲೂ ಕಾಂಗ್ರೆಸ್ ಗಿಡ ಎಂದು ಜನ ಕರೆಯುವ ಪಾರ್ಥೇನಿಯಂ ವಿಷಯದಲ್ಲಿ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಕಳೆ ಈಗ ಗರಿಕೆ ಬೆಳೆಯುವ ಕಡೆಯೆಲ್ಲ ಅದರ ನಡುವೆಯೇ ಬೆಳೆಯುತ್ತದೆ. ಎಳೆಯದಿರುವಾಗ ನೆಲಕ್ಕೆ ಅಂಟಿ ಸುತ್ತಲೂ ಹರಡಿದ, ಸೀಳಿದ ಎಲೆಗಳ ಗುಚ್ಛ. ಹೂವಿಲ್ಲದ್ದರಿಂದ ಯಾವುದೋ ಸೊಪ್ಪೆಂದು ಕೈಗೆ ಬಂದುಬಿಡುತ್ತದೆ. ಎಲೆಯ ಮೇಲೆ ಸಣ್ಣ ರೋಮಗಳಿರುತ್ತವೆ, ಉಜ್ಜಿದರೆ ಘಾಟು ವಾಸನೆ. ಆದ್ದರಿಂದ ಕುಡುಗೋಲಿನಲ್ಲಿ ಒಟ್ಟಿಗೆ ಸವರಿ ತಂದ ಹುಲ್ಲನ್ನು ಹಾಗೆಯೇ ಗೂಡಿಗೆ ಸುರಿಯಬೇಡಿ. ಗೋಣಿತಟ್ಟಿನ ಮೇಲೆ ಹರಡಿ ಒಮ್ಮೆ ಕೈಯಾಡಿಸಿ.

ಹೊಸಬರಿಗೆ ಒಂದು ನಿಯಮ ಹೇಳುತ್ತೇನೆ. ಕಾಂಡ ಮುರಿದಾಗ ಬಿಳಿ ಹಾಲು ಬಂದರೆ ಬಿಟ್ಟುಬಿಡಿ. ಹಕ್ಕರಕಿಯಂಥ ಒಂದೆರಡು ಒಳ್ಳೆಯ ಗಿಡಗಳು ಈ ನಿಯಮದಿಂದ ತಪ್ಪಿಹೋಗುತ್ತವೆ ನಿಜ, ಆದರೆ ಎಕ್ಕ, ಕಳ್ಳಿ, ಅಚ್ಚೆಗಿಡಗಳೆಲ್ಲ ಹೊರಗುಳಿಯುತ್ತವೆ. ಗಿಡವನ್ನು ಹೆಸರು ಹಿಡಿದು ಗುರುತಿಸಲು ಬಾರದಿದ್ದರೂ ಬಿಟ್ಟುಬಿಡಿ. ಗರಿಕೆ, ಕನ್ನೆ, ಕೀರೆ, ಅಣ್ಣೆ, ಜಯಂತಿ ಈ ಐದನ್ನು ಸಸಿಯಿಂದ ಹೂವಿನವರೆಗೆ ಎಲ್ಲ ಹಂತದಲ್ಲೂ ಗುರುತಿಸಲು ಕಲಿತರೆ ಒಂದು ಮಳೆಗಾಲ ಧಾರಾಳವಾಗಿ ಕಳೆಯುತ್ತದೆ.

ಎಲ್ಲಿ ಕೊಯ್ಯಬೇಕು

ಒಳ್ಳೆಯ ಗಿಡ ಕೆಟ್ಟ ಜಾಗದಲ್ಲಿ ಬೆಳೆದಿದ್ದರೆ ಅದು ಕೆಟ್ಟ ಮೇವೇ. ಇವತ್ತು ಹಳ್ಳಿಗಳಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಕಳೆನಾಶಕ. ಕೂಲಿಯಾಳು ಸಿಗದೆ ಬದುವಿಗೂ ತೋಟಕ್ಕೂ ರಸ್ತೆ ಅಂಚಿಗೂ ಹೊಡೆಯುವುದು ಸಾಮಾನ್ಯವಾಗಿದೆ. ಪ್ಯಾರಾಕ್ವಾಟ್ ಹೊಡೆದ ಕಳೆ ಒಂದೆರಡು ದಿನದಲ್ಲೇ ಸುಟ್ಟಂತೆ ಕಾಣುವುದರಿಂದ ಗೊತ್ತಾಗುತ್ತದೆ. ಗ್ಲೈಫೋಸೇಟ್ ಹಾಗಲ್ಲ. ಹೊಡೆದ ಮೇಲೆ ಎಷ್ಟೋ ದಿನ ಗಿಡ ಹಸಿರಾಗಿಯೇ ನಿಂತಿರುತ್ತದೆ, ಹಳದಿಯಾಗಲು ವಾರ ಹಿಡಿಯಬಹುದು. ಕಣ್ಣಿಗೆ ಹಸಿರಾಗಿ ಕಂಡದ್ದು ಶುದ್ಧವೆಂದಲ್ಲ. ನಿಮ್ಮದಲ್ಲದ ಜಮೀನಿನಲ್ಲಿ ಕೊಯ್ಯುವ ಮೊದಲು ಜಮೀನಿನವರನ್ನು ಕೇಳಿ, ಯಾವಾಗ ಏನು ಹೊಡೆದಿದ್ದಾರೆಂದು ತಿಳಿದುಕೊಳ್ಳಿ.

ಅಡಿಕೆ ಸೀಮೆಯವರಿಗೆ ಇನ್ನೊಂದು ಅಪಾಯವಿದೆ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಗೊನೆಗೆ ಹೊಡೆದದ್ದು ಕೆಳಗೆ ತೊಟ್ಟಿಕ್ಕಿ ಮರದ ಬುಡದ ಹುಲ್ಲು, ಕನ್ನೆ ಸೊಪ್ಪಿನ ಮೇಲೆಲ್ಲ ಬೀಳುತ್ತದೆ. ಎಲೆಯ ಮೇಲೆ ತೆಳುನೀಲಿ ಕಲೆಗಳು ಕಂಡರೆ ಅದೇ. ಔಷಧ ಹೊಡೆದ ತೋಟದ ಸೊಪ್ಪನ್ನು ಮೊಲಕ್ಕೆ ತರಬೇಡಿ. ಮಳೆ ತೊಳೆದಿರುತ್ತದೆ ಎಂದುಕೊಳ್ಳುವುದೂ ಬೇಡ, ಅಂಟಿಕೊಂಡು ಮಳೆಗೆ ನಿಲ್ಲಬೇಕೆಂದೇ ಮಾಡಿದ ದ್ರಾವಣ ಅದು.

ನಾಯಿಗಳು ಓಡಾಡುವ ಜಾಗವೂ ಬೇಡ. ನಾಯಿಯ ಮಲದಲ್ಲಿರುವ ಒಂದು ಜಾತಿಯ ಲಾಡಿಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಮೊಲದ ಹೊಟ್ಟೆ ಸೇರಿ, ಯಕೃತ್ತು ಮತ್ತು ಹೊಟ್ಟೆಯ ಪೊರೆಯಲ್ಲಿ ನೀರುಗುಳ್ಳೆಗಳಾಗುತ್ತದೆ. ಕೆರೆ ಅಂಚಿನ, ಸದಾ ನೀರು ನಿಲ್ಲುವ ಗದ್ದೆಯ ಸೊಪ್ಪಿನಲ್ಲಿ ಯಕೃತ್ತಿನ ಚಪ್ಪಟೆ ಹುಳುವಿನ ಮರಿ ಅಂಟಿರಬಹುದು. ಹೊನಗೊನ್ನೆ ಸೊಂಪಾಗಿ ಬೆಳೆಯುವುದು ಅಂಥಲ್ಲೇ, ಆದ್ದರಿಂದ ಅದನ್ನು ಕುಂಡದಲ್ಲಿ ಬೆಳೆಸಿಕೊಳ್ಳುವುದು ಮೇಲು, ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ಪೇಟೆಯವರಿಗೆ ಗರಿಕೆಯೂ ಹಾಗೆಯೇ. ಪೂಜೆಗೆಂದು ಮಾರುಕಟ್ಟೆಯಲ್ಲಿ ಮಾರುವ ಗರಿಕೆ ಕಟ್ಟು ಎಲ್ಲಿ ಬೆಳೆದದ್ದೆಂದು ಯಾರೂ ಹೇಳಲಾರರು. ಮಹಡಿಯ ಮೇಲೆ ಅಗಲವಾದ ಟ್ರೇಯಲ್ಲಿ ಮಣ್ಣು ತುಂಬಿ ನೆಟ್ಟರೆ ಒಂದು ಮೊಲಕ್ಕೆ ದಿನದ ರುಚಿಗಾದರೂ ಸಿಗುತ್ತದೆ.

ನೀರಿನ ಲೆಕ್ಕ

ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಸೊಪ್ಪಿನಲ್ಲಿರುವ ನೀರಿನ ಮೇಲೆ ನಿಂತಿದೆ. 2 ಕಿಲೋ ತೂಕದ ಮೊಲಕ್ಕೆ ದಿನಕ್ಕೆ 80 ಗ್ರಾಂ ಒಣಪದಾರ್ಥ ಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಬಲಿತ ಗರಿಕೆಯಲ್ಲಿ ಮೂರನೇ ಒಂದು ಪಾಲು ಒಣಪದಾರ್ಥವಿದ್ದರೆ 240 ಗ್ರಾಂ ಹುಲ್ಲು ಸಾಕು. ಗೋಣಿ ಸೊಪ್ಪಿನಲ್ಲಿ ಸುಮಾರು ಶೇ. 93 ನೀರು. ಅದರಿಂದಲೇ 80 ಗ್ರಾಂ ಸಿಗಬೇಕಾದರೆ 1 ಕಿಲೋಗೂ ಹೆಚ್ಚು, ಅಂದರೆ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಸೊಪ್ಪನ್ನು ಮೊಲ ತಿನ್ನಬೇಕು. ತಿಂದರೂ ಕೆಟ್ಟದ್ದು, ತಿನ್ನದಿದ್ದರೂ ಕೆಟ್ಟದ್ದು. ಬುಟ್ಟಿ ತುಂಬ ಮೆತ್ತಗಿನ ಸೊಪ್ಪು ಹಾಕಿದ್ದೇವೆಂದು ನಾವು ತೃಪ್ತಿಪಡುವಾಗ ಮೊಲ ಅರೆಹೊಟ್ಟೆಯಲ್ಲಿರುವುದು ಹೀಗೆ. ಒಣಹುಲ್ಲನ್ನು ಗೂಡಿನಲ್ಲಿ ಯಾವಾಗಲೂ ಇಟ್ಟಿರಬೇಕು ಎಂದು ಒತ್ತಿ ಹೇಳುವುದಕ್ಕೂ ಇದೇ ಕಾರಣ. ರಾಗಿ ಹುಲ್ಲು ನಡೆಯುತ್ತದೆ, ಭತ್ತದ ಹುಲ್ಲಿನಲ್ಲಿ ಸತ್ವ ಬಹಳ ಕಡಿಮೆ. ಮಳೆಗಾಲ ಮುಗಿಯುವಾಗ ಬದುವಿನ ಹುಲ್ಲನ್ನು ಹೂತೆನೆ ಬಂದ ಹೊತ್ತಿಗೆ ಕೊಯ್ದು, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿಟ್ಟುಕೊಂಡರೆ ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ವಿದೇಶಿ ಒಣಹುಲ್ಲನ್ನು ಕೊಳ್ಳಬೇಕಾಗಿಲ್ಲ. ಬೂಷ್ಟು ಹಿಡಿದದ್ದನ್ನು ಮಾತ್ರ ಎಸೆಯಿರಿ.

ಮಳೆಯಲ್ಲಿ ನೆನೆದ ಸೊಪ್ಪನ್ನು ತಂದ ಕೂಡಲೇ ಕೊಡಬೇಡಿ. ತೊಳೆದು, ನೀರು ಸೋರಿಸಿ, ನೆರಳಿನಲ್ಲಿ ತೆಳ್ಳಗೆ ಹರಡಿ ಒಂದೆರಡು ತಾಸು ಬಿಡಿ. ರಾಶಿ ಹಾಕಿಟ್ಟ ಹಸಿಹುಲ್ಲಿನೊಳಗೆ ಕೈ ಹಾಕಿ ನೋಡಿ, ಬೆಚ್ಚಗಿರುತ್ತದೆ. ಅದು ಆಗಲೇ ಹುದುಗತೊಡಗಿದೆ, ಮೊಲಕ್ಕೆ ಯೋಗ್ಯವಲ್ಲ. ಯಂತ್ರದಿಂದ ಕತ್ತರಿಸಿದ ಲಾನಿನ ಪುಡಿಹುಲ್ಲು ಇನ್ನೂ ಬೇಗ ಹುದುಗುತ್ತದೆ, ಎಷ್ಟೇ ತಾಜಾ ಕಂಡರೂ ಬೇಡ.

ಹೊಸ ಸೊಪ್ಪನ್ನು ರೂಢಿಸುವ ಬಗೆ ಹೀಗೆ. ಒಂದು ಸಲಕ್ಕೆ ಒಂದೇ ಹೊಸ ಗಿಡ. ಮೊದಲ ದಿನ ಒಂದೆರಡು ಎಲೆ ಮಾತ್ರ. ಮರುದಿನ ಹಿಕ್ಕೆ ನೋಡಿ. ಗಟ್ಟಿಯಾಗಿ, ಗುಂಡಗೆ, ಒಂದೇ ಅಳತೆಯಲ್ಲಿದ್ದು, ಬೆರಳಲ್ಲಿ ಒಡೆದರೆ ಒಳಗೆ ಒಣ ನಾರಿನ ಪುಡಿ ಕಂಡರೆ ಎಲ್ಲ ಸರಿಯಿದೆ. ಸಣ್ಣದಾಗಿದ್ದರೆ, ಉದ್ದುದ್ದವಾಗಿದ್ದರೆ, ಮೆತ್ತಗಾಗಿದ್ದರೆ ಆ ಸೊಪ್ಪು ನಿಲ್ಲಿಸಿ ಒಣಹುಲ್ಲಿಗೆ ಮರಳಿ. ಎಲ್ಲ ಸರಿಯಿದ್ದರೆ ಏಳೆಂಟು ದಿನಗಳಲ್ಲಿ ಮೆಲ್ಲಗೆ ಹೆಚ್ಚಿಸುತ್ತ ಹೋಗಿ. ಇಷ್ಟು ಸಾವಧಾನ ಬೇಕಿರುವುದು ಅಂಧಾಂತ್ರದ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ದಿನಗಳು ಹಿಡಿಯುವುದರಿಂದ.

ಮರಿಗಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಹಾಲು ಬಿಡುವ 4ರಿಂದ 8 ವಾರದ ವಯಸ್ಸಿನಲ್ಲಿ ಕರುಳಿನ ಸೂಕ್ಷ್ಮಜೀವಿಗಳಿನ್ನೂ ನೆಲೆಗೊಂಡಿರುವುದಿಲ್ಲ. ತಾಯಿ ಹಸಿರು ತಿನ್ನುತ್ತಿದ್ದ ಗೂಡಿನಲ್ಲೇ ಬೆಳೆದು, ತಾಯಿಯ ಹಿಕ್ಕೆ ಮೆಲ್ಲುತ್ತ, ತಾಯಿ ತಿನ್ನುವ ಸೊಪ್ಪನ್ನೇ ಕಡಿಯುತ್ತ ಬಂದ ಮರಿಗೆ ಹಸಿರು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಗುಳಿಗೆ ತಿಂದು ಬೆಳೆದು, ಅಂಗಡಿಯಿಂದ ನಿಮ್ಮ ಮನೆಗೆ ಬಂದ ಮರಿಗೆ ಮೊದಲ ವಾರ ಅದು ತಿನ್ನುತ್ತಿದ್ದ ಆಹಾರವನ್ನೂ ಒಣಹುಲ್ಲನ್ನೂ ಮಾತ್ರ ಕೊಡಿ. ಮರಿಗಳ ಭೇದಿಗೆಲ್ಲ ಸೊಪ್ಪೇ ಕಾರಣವೆಂದು ದೂರುವುದೂ ಸರಿಯಲ್ಲ. ಮಳೆಗಾಲದ ತೇವದ ಗೂಡಿನಲ್ಲಿ ಹಿಕ್ಕೆ ಮೆತ್ತಿದ ಹುಲ್ಲು ತಿಂದು ಬರುವ ಕಾಕ್ಸಿಡಿಯೋಸಿಸ್ ಈ ವಯಸ್ಸಿನ ಮರಿಗಳನ್ನು ಕೊಲ್ಲುವ ದೊಡ್ಡ ರೋಗ. ಮೇವನ್ನು ನೆಲದ ಮೇಲೆ ಹಾಕದೆ ಗೂಡಿನ ಗೋಡೆಗೆ ತೂಗುಹಾಕಿದ ಜಾಲರಿಯಲ್ಲಿಟ್ಟರೆ ಅರ್ಧ ಅಪಾಯ ತಪ್ಪುತ್ತದೆ.

ಮೊಲ 12 ತಾಸು ಏನನ್ನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಬೆನ್ನು ಬಗ್ಗಿಸಿ ಹಲ್ಲು ಕಡಿಯುತ್ತ ಕೂತಿದ್ದರೆ ನಾಳೆ ನೋಡೋಣ ಎನ್ನಬೇಡಿ, ಅದೇ ದಿನ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ತಿಂದ ಗಿಡದ ಒಂದು ಕೊಂಬೆಯನ್ನೂ ಕೊನೆಯದಾಗಿ ಹಾಕಿದ ಹಿಕ್ಕೆಯನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ರೋಗ ಗುರುತಿಸಲು ಅವರಿಗೆ ಅನುಕೂಲ. ಮನೆಯಲ್ಲಿರುವ ಮಾತ್ರೆಯನ್ನು ಅರೆದು ಕುಡಿಸಲು ಮಾತ್ರ ಹೋಗಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಗಳು ಬಾಯಿಯ ಮೂಲಕ ಮೊಲದ ಹೊಟ್ಟೆ ಸೇರಿದರೆ ಅಂಧಾಂತ್ರದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಕ್ಲಾಸ್ಟ್ರಿಡಿಯಂ ಹೆಚ್ಚಲು ದಾರಿ ಮಾಡುತ್ತವೆ. ಸೊಪ್ಪಿನಿಂದ ಕೆಟ್ಟ ಹೊಟ್ಟೆ ಸುಧಾರಿಸಬಹುದಿತ್ತು ಎನ್ನುವಂಥ ಮೊಲವೂ ಆ ಮಾತ್ರೆಯಿಂದ ಸಾಯಬಹುದು.